ಯಾವ ಊರಾತು ತಂಗಿ?

ನಮ್ಮ ಘಟ್ಟದ ಮೇಲಿನ ಸೀಮೆಯ ಮದುವೆಮನೆಗಳಲ್ಲಿ ಮೊದಲು ಆಸರಿಗೆ ಕೊಡುತ್ತಾರೆ, ಆಮೇಲೆ ನ್ಯಾಯ ಶುರುವಾಗುತ್ತದೆ. ಕಟಕಟೆಯಲ್ಲಿ ನಿಲ್ಲಿಸುವುದು ಯಾವಾಗಲೂ ಅಲ್ಲಿ ಇಲ್ಲದವಳನ್ನೇ. ಅವಳು ಅಮೆರಿಕದಲ್ಲೋ ಲಂಡನ್ನಿನಲ್ಲೋ ಇರುತ್ತಾಳೆ. "ಮಾಣಿಗೆ ಕನ್ನಡ ಬತ್ತಿಲ್ಯಡ" ಎಂದು ಒಬ್ಬರು ಎತ್ತಿಕೊಡುತ್ತಾರೆ. "ಚಮಚ ಇಲ್ದೇ ಊಟ ಮಾಡ್ತ್ನಿಲ್ಯಡ" ಎಂದು ಇನ್ನೊಬ್ಬರು ಸೇರಿಸುತ್ತಾರೆ. ಮೂರನೆಯವರು ಕವಳ ಹಾಕಿಕೊಳ್ಳುತ್ತ ತೀರ್ಪು ಕೊಡುತ್ತಾರೆ: "ಆಯಿ ಆದದ್ದು ಎಂತ ಕಲಸಿದ್ದೋ ಏನೋ." ಮಗುವಿಗೆ ಅಪ್ಪನೂ ಒಬ್ಬನಿದ್ದಾನೆ ಎಂಬುದು ಈ ನ್ಯಾಯದಲ್ಲಿ ಯಾರಿಗೂ ನೆನಪಾಗುವುದಿಲ್ಲ. ಅಪ್ಪ ದೊಡ್ಡ ಕಂಪನಿಯಲ್ಲಿದ್ದಾನೆ. ಅವನ ಬಗ್ಗೆ ಹೇಳುವುದು ಅಷ್ಟೇ, ಅದೂ ಹೆಮ್ಮೆಯಿಂದ.

ಈ ನ್ಯಾಯಾಲಯಕ್ಕೆ ಬೀಗ ಹಾಕಿ ಎಂದು ಹೇಳಲಿಕ್ಕೇ ನಾನು ಬರೆಯಲು ಕುಳಿತಿದ್ದೇನೆ. ಹೇಳುವ ಅಧಿಕಾರ ನನಗೇನಿದೆ ಎಂದು ಕೇಳಿದರೆ, ಎರಡು ಬಾಣಂತನದ ಅಧಿಕಾರ ಇದೆ ಎನ್ನುತ್ತೇನೆ. ನಾನು ನಿಲ್ಕುಂದದವಳು. ಸಿದ್ದಾಪುರ ತಾಲೂಕಿನ, ಘಟ್ಟದ ಅಂಚಿನ ಊರು. ಮಳೆ, ಅಡಿಕೆ, ಕೊಳೆರೋಗ, ಈಗೀಗ ಮುದುಕರು, ಇವು ನಮ್ಮ ಸೀಮೆಯ ಬೆಳೆ. ಮಕ್ಕಳು ಬೆಂಗಳೂರಿಗೆ ಹೋಗುತ್ತಾರೆ, ಬೆಂಗಳೂರು ಅವರನ್ನು ಇನ್ನೂ ಮುಂದಕ್ಕೆ ದಾಟಿಸುತ್ತದೆ. ನನ್ನ ಮಗಳು 2008ರಲ್ಲಿ ಮದುವೆಯಾಗಿ ಟೆಕ್ಸಾಸಿನ ಹ್ಯೂಸ್ಟನ್ನಿಗೆ ಹೋದಳು. 2011ರಲ್ಲಿ ಮೊಮ್ಮಗ ಹುಟ್ಟಿದಾಗ ಒಮ್ಮೆ, 2016ರ ಕೊನೆಗೆ ಮೊಮ್ಮಗಳು ಹುಟ್ಟಿದಾಗ ಇನ್ನೊಮ್ಮೆ, ಆರಾರು ತಿಂಗಳು ಅಲ್ಲಿದ್ದು ಬಂದಿದ್ದೇನೆ. ಬಜೆ, ಮೆಂತೆ, ಕಾಳುಮೆಣಸು, ಹಲಸಿನ ಹಪ್ಪಳ ಕಟ್ಟಿಕೊಂಡು ಹೋಗಿ, ವೀಸಾದ ದಿನ ಮುಗಿಯುವ ಹೊತ್ತಿಗೆ ಖಾಲಿ ಪೆಟ್ಟಿಗೆ ಹಿಡಿದು ಬಂದವಳು ನಾನು. ಹಾಗಾಗಿ ಆ ಕಟಕಟೆಯಲ್ಲಿ ನಿಂತವಳ ಪರವಾಗಿ ಸಾಕ್ಷಿ ಹೇಳಬಲ್ಲೆ.

ಮೊದಲು ಕನ್ನಡದ ಮಾತನ್ನೇ ಎತ್ತಿಕೊಳ್ಳೋಣ. ಬೇಸಿಗೆಯಲ್ಲೋ ಡಿಸೆಂಬರಿನಲ್ಲೋ ಮಗಳು ಮಕ್ಕಳನ್ನು ಕಟ್ಟಿಕೊಂಡು ಬಂದ ಮರುದಿನವೇ ಮನೆಗೆ ಪರೀಕ್ಷಕರು ಬರತೊಡಗುತ್ತಾರೆ. ಮಗುವಿಗೆ ಇನ್ನೂ ಹಗಲು ಯಾವುದು ರಾತ್ರಿ ಯಾವುದು ತಿಳಿದಿರುವುದಿಲ್ಲ. ಅಂಗಳದಲ್ಲಿ ನಿಲ್ಲಿಸಿ ಕೇಳುತ್ತಾರೆ: "ಅಪ್ಪೀ, ಒಂದು ಶ್ಲೋಕ ಹೇಳು ನೋಡನ." "ನಾನು ಯಾರಾತು ನಿಂಗೆ, ಹೇಳು." ಆ ಮಗು ಕಂಬ ಅಪ್ಪಿಕೊಂಡು ತಾಯಿಯ ಮುಖ ನೋಡುತ್ತದೆ. ಪರೀಕ್ಷಕರು ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ಫೇಲು. ಮಗು ಅಲ್ಲ, ತಾಯಿ ಫೇಲು. ನನ್ನ ಮಗಳು ಒಂದು ಸಲ ಸಿಟ್ಟು ತಡೆಯಲಾರದೆ ಒಳಗೆ ಬಂದು ಹೇಳಿದಳು: "ಆಯಿ, ಅವಂಗೆ ಕನ್ನಡ ಬತ್ತು. ಪರೀಕ್ಷೆ ಮಾಡಿದ್ರೆ ಮಾತ್ರ ಬತ್ತಿಲ್ಲೆ." ಅದು ನಿಜ. ರಾತ್ರಿ ಹಾಸಿಗೆಯಲ್ಲಿ ನನ್ನ ಹೊಟ್ಟೆಯ ಮೇಲೆ ಕಾಲು ಹಾಕಿಕೊಂಡು ಅವನು ಕೇಳುವ ಪ್ರಶ್ನೆಗಳೆಲ್ಲ ಕನ್ನಡದವೇ.

ಪರೀಕ್ಷಕರ ಮನೆಯ ಮಕ್ಕಳು ಹೇಗಿದ್ದಾರೆ? ಶಿರಸಿಯಲ್ಲಿ, ಸಿದ್ದಾಪುರದಲ್ಲಿ, ಯಲ್ಲಾಪುರದಲ್ಲಿ, ಹುಬ್ಬಳ್ಳಿಯಲ್ಲಿ ಬೆಳೆಯುವ ಮಕ್ಕಳಿಗೆ ಅರವತ್ತೇಳು ಎಂದರೆ ಎಷ್ಟು ಎಂದು ಕೇಳಿ ನೋಡಿ. 'ಸಿಕ್ಸ್ಟಿ ಸೆವೆನ್' ಎಂದು ಬಿಡಿಸಿ ಹೇಳದಿದ್ದರೆ ಅರ್ಥವಾಗದ ಮಕ್ಕಳು ಎಷ್ಟಿಲ್ಲ? ಬೆಳಿಗ್ಗೆ ಏಳೂವರೆಗೆ ಟೈ ಕಟ್ಟಿ ಹಳದಿ ವ್ಯಾನಿಗೆ ಹತ್ತಿಸುವವರು ನಾವೇ. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟು 2014ರ ಮೇ 6ರಂದು ತೀರ್ಪು ಕೊಟ್ಟಾಗ, ಒಳಗೊಳಗೇ ಸಮಾಧಾನಪಟ್ಟ ತಾಯಿತಂದೆಯರು ಕಡಿಮೆಯೇ? 2019ರಲ್ಲಿ ಸರ್ಕಾರವೇ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಲು ಹೊರಟಾಗ ಸೀಟಿಗಾಗಿ ಸಾಲು ನಿಂತವರೂ ನಾವೇ. ಅದು ತಪ್ಪೋ ಸರಿಯೋ ಬೇರೆ ಚರ್ಚೆ. ಹೊಟ್ಟೆಪಾಡಿನ ಭಾಷೆಯನ್ನು ಮಗುವಿಗೆ ಕೊಡುವ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಕನ್ನಡದ ನೆಲದಲ್ಲಿ ಕೂತು, ಸುತ್ತ ಕನ್ನಡದ ಗಾಳಿ ಇದ್ದೂ ನಾವು ಬಿಟ್ಟುಕೊಟ್ಟದ್ದನ್ನು, ಸಮುದ್ರದಾಚೆ ಒಬ್ಬಳೇ ಹೆಣ್ಣುಮಗಳು ನಾಲ್ಕು ಗೋಡೆಯೊಳಗೆ ಉಳಿಸಿಕೊಡಬೇಕು ಎಂದು ಕೇಳುವುದಕ್ಕೆ ನಮಗೆ ನಾಚಿಕೆಯಾಗಬೇಕು.

ಇನ್ನು ಆ ನಾಲ್ಕು ಗೋಡೆಯೊಳಗೆ ಏನಿದೆ ಎಂದು ನೋಡೋಣ. ಗಂಡ ಎಚ್-1ಬಿ ವೀಸಾದಲ್ಲಿ ಹೋದರೆ ಹೆಂಡತಿಗೆ ಸಿಗುವುದು ಎಚ್-4. 2015ರ ಮೇ ತಿಂಗಳವರೆಗೆ ಆ ವೀಸಾದಲ್ಲಿ ಹೋದವಳು ಒಂದು ಡಾಲರ್ ದುಡಿಯುವಂತಿರಲಿಲ್ಲ. ಆಮೇಲೂ ಕೆಲಸದ ಅನುಮತಿ ಸಿಕ್ಕಿದ್ದು ಗಂಡನ ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತ ದಾಟಿದವರಿಗೆ ಮಾತ್ರ. ಎಂ.ಎಸ್ಸಿ. ಮಾಡಿದ ನನ್ನ ಮಗಳು ಏಳು ವರ್ಷ ಪಾತ್ರೆ ತೊಳೆದಳು, ಮಗು ಸಾಕಿದಳು, ಕಿಟಕಿಯಿಂದ ರಸ್ತೆ ನೋಡಿದಳು. ಆ ಗ್ರೀನ್ ಕಾರ್ಡಾದರೂ ಬೇಗ ಬರುವಂಥದೇ? ಉದ್ಯೋಗದ ಲೆಕ್ಕದಲ್ಲಿ ವರ್ಷವರ್ಷ ಕೊಡುವ ಕಾರ್ಡುಗಳಲ್ಲಿ ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇಕಡಾ 7ರ ಮಿತಿ. ಭಾರತದವರ ಸಾಲು ಎಷ್ಟು ಉದ್ದ ಎಂದರೆ ಅದರಲ್ಲಿ ನಿಂತವರ ತಲೆ ನೆರೆಯುತ್ತದೆ. ಇಲ್ಲಿ ಹುಟ್ಟಿ, ಎರಡು ವರ್ಷಕ್ಕೆ ತಾಯಿಯ ಸೊಂಟದ ಮೇಲೆ ಅಲ್ಲಿಗೆ ಹೋದ ಮಗುವಿನ ಗತಿ ಇನ್ನೂ ವಿಚಿತ್ರ. ಅಪ್ಪನ ಸರದಿ ಬರುವುದರೊಳಗೆ ಮಗುವಿಗೆ 21 ತುಂಬಿದರೆ ಅದು ಅಪ್ಪನ ವೀಸಾದ ನೆರಳಿನಿಂದ ಹೊರಗೆ ಬೀಳುತ್ತದೆ. ಅಲ್ಲಿಯೇ ಅಕ್ಷರ ಕಲಿತ, ಅಲ್ಲಿಯೇ ಮೀಸೆ ಮೂಡಿದ ಹುಡುಗ, ಹೊಸದಾಗಿ ಬೇರೆ ವೀಸಾ ಹುಡುಕಬೇಕು, ಇಲ್ಲವೇ ತಾನು ಕಾಣದ 'ತನ್ನ ಊರಿಗೆ' ಹೊರಡಬೇಕು.

ಅಲ್ಲಿಯೇ ಹುಟ್ಟಿದ ಮಗು ಅಲ್ಲಿಯ ಪ್ರಜೆ. 1868ರಲ್ಲಿ ಅವರ ಸಂವಿಧಾನಕ್ಕೆ ಸೇರಿದ 14ನೇ ತಿದ್ದುಪಡಿ ಕೊಟ್ಟ ಹಕ್ಕು ಅದು, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರಿಗಾಗಿ ಬಂದದ್ದು. ಅದರ ನೆರಳಿನಲ್ಲಿ ನಮ್ಮ ಮಕ್ಕಳೂ ನಿಂತರು. 2025ರ ಜನವರಿ 20ರಂದು, ಅಧಿಕಾರ ಹಿಡಿದ ದಿನವೇ, ಅಧ್ಯಕ್ಷ ಟ್ರಂಪ್ ತಾತ್ಕಾಲಿಕ ವೀಸಾದಲ್ಲಿರುವವರ ಮಕ್ಕಳಿಗೆ ಆ ಹಕ್ಕಿಲ್ಲ ಎಂದು ಆದೇಶ ಹೊರಡಿಸಿದರು. ಕೆಲವೇ ದಿನಗಳಲ್ಲಿ ನ್ಯಾಯಾಲಯಗಳು ಅದಕ್ಕೆ ತಡೆ ಹಾಕಿದವು. ಆ ವಾರ ನಮ್ಮ ಕಡೆಯ ಎಷ್ಟು ಮನೆಗಳಲ್ಲಿ ಅಜ್ಜಿಯರು ದೇವರಿಗೆ ಹರಕೆ ಹೊತ್ತರೋ. ಅಲ್ಲಿಯ ಒಬ್ಬ ದೊರೆ "ಈ ಮಗು ನಮ್ಮದಲ್ಲ" ಎಂದರೆ ನಮಗೆ ಕರುಳು ಚುರ್ ಎನ್ನುತ್ತದೆ. ಅದೇ ಮಗು ರಜೆಗೆ ಬಂದಾಗ ನಾವು ಅಂಗಳದಲ್ಲಿ ನಿಲ್ಲಿಸಿ ಹೇಳುವುದು ಏನು? "ಇದು ನಮ್ಮ ನಮೂನೆ ಇಲ್ಲೆ." ಎರಡಕ್ಕೂ ವ್ಯತ್ಯಾಸ ಏನೆಂದು ಯಾರಾದರೂ ನನಗೆ ತಿಳಿಸಿ ಹೇಳಲಿ.

ಇದು ನಮಗೊಬ್ಬರಿಗೇ ಬಂದ ಕಷ್ಟ ಎಂದು ನಾನೂ ತಿಳಿಯುತ್ತಿದ್ದೆನೇನೋ, ಮಗಳ ಪಕ್ಕದ ಮನೆಯಲ್ಲಿ ಆ ನೈಜೀರಿಯದ ಅಜ್ಜಿ ಇರದಿದ್ದರೆ. ಹ್ಯೂಸ್ಟನ್ನಿನಲ್ಲಿ ನೈಜೀರಿಯದವರು ಬಹಳ. ಪಕ್ಕದ ಮನೆಯ ಹುಡುಗಿ ಆಸ್ಪತ್ರೆಯಲ್ಲಿ ನರ್ಸ್, ನನ್ನ ಮಗಳಿಗಿಂತ ಎರಡು ವಾರ ಮೊದಲು ಹೆತ್ತಿದ್ದಳು. ಅವಳ ತಾಯಿ ನನ್ನ ಹಾಗೆಯೇ ಆರು ತಿಂಗಳ ವೀಸಾದಲ್ಲಿ ಬಂದಿದ್ದರು. ಅವರು ಇಗ್ಬೊ ಜನ. ಮಗಳು ಹೆತ್ತಾಗ ತಾಯಿ ಹೋಗಿ ಬಾಣಂತನ ಮಾಡುವುದಕ್ಕೆ ಅವರಲ್ಲಿ ಒಂದು ಹೆಸರೇ ಇದೆ, 'ಓಮುಗ್ವೊ'. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಬಾಣಂತಿಯ ಹೊಟ್ಟೆ ಒತ್ತುವುದು, ಮಗುವಿಗೆ ಎಣ್ಣೆ ತಿಕ್ಕಿ ಕೈಕಾಲು ನೀವಿ ಮೀಯಿಸುವುದು, ಮೆಣಸಿನ ಖಾರದ ಬಿಸಿ ಸಾರು ಕುಡಿಸುವುದು. ಅವರ ಸಾರಿಗೆ ಒಣಮೀನು ಬೀಳುತ್ತದೆ, ನಮ್ಮ ಕಟ್ಟಿಗೆ ಬೆಳ್ಳುಳ್ಳಿ ಬೀಳುತ್ತದೆ. ಅದೊಂದು ಬಿಟ್ಟರೆ ಇಬ್ಬರ ಪೆಟ್ಟಿಗೆಯಲ್ಲಿದ್ದದ್ದು ಹೆಚ್ಚುಕಡಿಮೆ ಒಂದೇ. ಇಬ್ಬರಿಗೂ ಇಂಗ್ಲಿಷ್ ಇದ್ದದ್ದು ತರಕಾರಿ ಕೊಳ್ಳುವಷ್ಟು. ಆದರೂ ಎರಡೂ ಮನೆಯ ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡು ಹಿತ್ತಲ ಬಿಸಿಲಿಗೆ ಕೂತರೆ ಮಾತಿಗೆ ಬರವಿರಲಿಲ್ಲ. ಸಿಕ್ಕಿಬಿದ್ದಲ್ಲಿ ಮಗಳಂದಿರು ಬಿಡಿಸಿ ಹೇಳುತ್ತಿದ್ದರು.

ಅವರ ಮಗಳ ದುಃಖವೂ ನನ್ನ ಮಗಳದೇ. ಇಗ್ಬೊ ಹೆಸರುಗಳು ಒಂದೊಂದೂ ಒಂದು ವಾಕ್ಯ. 'ಚುಕ್ವುಎಮೆಕ' ಎಂದರೆ ದೇವರು ದೊಡ್ಡದನ್ನು ಮಾಡಿದ ಎಂದು ಅರ್ಥವಂತೆ. ಶಾಲೆಯಲ್ಲಿ ಅಂಥ ಹೆಸರು ಮೊದಲ ದಿನವೇ ಮುರಿದು ಎರಡಕ್ಷರಕ್ಕೆ ಬರುತ್ತದೆ. ದೊಡ್ಡ ಮಗ ಇಗ್ಬೊ ಭಾಷೆ ತಿಳಿದುಕೊಳ್ಳುತ್ತಾನೆ, ಉತ್ತರ ಇಂಗ್ಲಿಷಿನಲ್ಲಿ ಕೊಡುತ್ತಾನೆ. ಊರಿಗೆ ಹೋದರೆ ಅತ್ತೆ ನಾದಿನಿಯರು "ಇವನು ಅಮೆರಿಕದವನು, ಹಿರಿಯರಿಗೆ ತಗ್ಗಿ ನಮಸ್ಕಾರ ಮಾಡಲಿಕ್ಕೂ ಬರುವುದಿಲ್ಲ" ಎಂದು ನಗುತ್ತಾರೆ. ಹ್ಯೂಸ್ಟನ್ನಿನಲ್ಲಿ ಶಾಲೆಯವರು "ನೀನು ನಿಜವಾಗಿ ಎಲ್ಲಿಯವನು?" ಎಂದು ಕೇಳುತ್ತಾರೆ. ಮಗನಿಗೆ ಶಿಸ್ತು ಬರಲಿ ಎಂದು ಕೆಲವರು ಎರಡು ವರ್ಷ ನೈಜೀರಿಯದ ಬೋರ್ಡಿಂಗ್ ಶಾಲೆಗೆ ಕಳಿಸುವುದೂ ಉಂಟಂತೆ. ನಮ್ಮಲ್ಲೂ ಅಜ್ಜನ ಮನೆಯಲ್ಲಿ ಬಿಟ್ಟು ಹೋದವರು ಇಲ್ಲವೇ? ಆ ಮನೆಗೆ ನಮಗಿಲ್ಲದ ಒಂದು ಭಯವೂ ಇತ್ತು. ಹುಡುಗ ಕಪ್ಪು. ಪೊಲೀಸರು ಗಾಡಿ ನಿಲ್ಲಿಸಿದರೆ ಕೈ ಎಲ್ಲಿಡಬೇಕು, ಹೇಗೆ ಮಾತಾಡಬೇಕು ಎಂದು ಅಲ್ಲಿಯ ಕಪ್ಪು ತಾಯಂದಿರು ಗಂಡುಮಕ್ಕಳಿಗೆ ಕೂರಿಸಿಕೊಂಡು ಹೇಳಿಕೊಡುತ್ತಾರೆ. ನಾವು ಬಾಯಿಪಾಠಕ್ಕೆ ಮಗ್ಗಿ ಹೇಳಿಕೊಟ್ಟ ಹಾಗೆ.

2017ರ ಫೆಬ್ರವರಿ 22ರ ಸುದ್ದಿ ನಿಮಗೆ ನೆನಪಿರಬಹುದು. ಕಾನ್ಸಾಸಿನ ಓಲೇತ ಎಂಬ ಊರಿನಲ್ಲಿ ಒಬ್ಬ ಬಿಳಿಯ "ನನ್ನ ದೇಶ ಬಿಟ್ಟು ತೊಲಗಿ" ಎಂದು ಕೂಗಿ ಇಬ್ಬರು ಭಾರತೀಯ ಎಂಜಿನಿಯರುಗಳ ಮೇಲೆ ಗುಂಡು ಹಾರಿಸಿದ. ಹೈದರಾಬಾದಿನ ಕಡೆಯ ಹುಡುಗ ಒಬ್ಬ ಸತ್ತ. ಅಂದು ರಾತ್ರಿ ಊರಿನಿಂದ ಮಗಳ ಮನೆಗೆ ಬಂದ ಫೋನಿಗೆ ಲೆಕ್ಕವಿಲ್ಲ. ಪಕ್ಕದ ಮನೆಯ ಅಜ್ಜಿ ಮರುದಿನ ಅನ್ನ ಮಾಡಿ ತಂದರು, ಮೀನಿಲ್ಲ ಎಂದು ಆಣೆ ಮಾಡಿ ಹೇಳಿದರು. ಗುಂಡಿಗೆ ಅಡ್ಡ ಬಂದು ತಾನೂ ಗಾಯಗೊಂಡ ಒಬ್ಬ ಅಮೆರಿಕನ್ ತರುಣನಿದ್ದ. ಮಾರ್ಚ್ ಕೊನೆಗೆ ಹ್ಯೂಸ್ಟನ್ನಿನ ಭಾರತೀಯರು ಅವನನ್ನು ಕರೆಸಿ, ಸನ್ಮಾನ ಮಾಡಿ, ಮನೆ ಕೊಳ್ಳಲಿಕ್ಕೆಂದು 1 ಲಕ್ಷ ಡಾಲರ್ ಕೊಟ್ಟರು. ಒಳ್ಳೆಯ ಕೆಲಸ. ಅದೇ ಹೊತ್ತಿಗೆ, ಮಾರ್ಚ್ 27ರಂದು, ದೆಹಲಿಯ ಬಳಿಯ ಗ್ರೇಟರ್ ನೋಯ್ಡಾದಲ್ಲಿ ನೈಜೀರಿಯದ ವಿದ್ಯಾರ್ಥಿಗಳನ್ನು ಜನ ಗುಂಪುಗೂಡಿ ಅಂಗಡಿಯೊಳಗೆ ಅಟ್ಟಿಸಿಕೊಂಡು ಹೋಗಿ ಬಡಿದರು. ಊರಿನ ಒಬ್ಬ ಹುಡುಗ ಸತ್ತಿದ್ದ, ಅದಕ್ಕೆ ಕಾರಣ ಇವರೇ ಎಂದು ಗುಮಾನಿ. ನರಭಕ್ಷಕರು ಎಂಬ ಸುದ್ದಿಯೂ ಹಬ್ಬಿತ್ತು. ಬಡಿಯುವ ಚಿತ್ರ ಟಿ.ವಿ.ಯಲ್ಲಿ ಬಂತು. ಪಕ್ಕದ ಮನೆಯಲ್ಲೂ ಟಿ.ವಿ. ಇತ್ತು. ನೋಯ್ಡಾವರೆಗೆ ಹೋಗುವುದೂ ಬೇಡ. 2016ರ ಜನವರಿ 31ರ ರಾತ್ರಿ ನಮ್ಮ ಬೆಂಗಳೂರಿನ ಹೊರವಲಯದಲ್ಲೇ, ಯಾರೋ ಸುಡಾನಿನವನು ಮಾಡಿದ ಅಪಘಾತಕ್ಕೆ ತಾಂಜಾನಿಯದ ಒಬ್ಬ ಹುಡುಗಿಯನ್ನು ಹಿಡಿದು ಬಡಿದಿದ್ದರು. ಕಪ್ಪಗಿದ್ದದ್ದು ಅವಳ ಅಪರಾಧ.

ಓಲೇತದ ಸುದ್ದಿಗೆ ಅತ್ತ ಮನೆಗಳಲ್ಲಿ ನೋಯ್ಡಾದ ಸುದ್ದಿಗೆ ಒಂದು ನಿಟ್ಟುಸಿರಾದರೂ ಬಂತೇ? ಬರಲಿಲ್ಲ. "ಅವರು ಡ್ರಗ್ಸ್ ಮಾರುತ್ತಾರಂತೆ" ಎಂಬ ಒಂದು ಮಾತಿನಲ್ಲಿ ಮುಗಿಯಿತು. ನಮ್ಮ ಮಕ್ಕಳು ಅಲ್ಲಿ ಅನ್ನಕ್ಕೆ ಹೋದವರು, ಅವರ ಮಕ್ಕಳು ಇಲ್ಲಿ ಕಳ್ಳತನಕ್ಕೆ ಬಂದವರು! ಬೆಂಗಳೂರಿನಲ್ಲಿ ನೈಜೀರಿಯದ ದಂಪತಿಗೆ ಮಗು ಹುಟ್ಟಿದರೆ ಅದು ಭಾರತದ ಪ್ರಜೆಯಾಗುವುದಿಲ್ಲ. 1987ರ ಜುಲೈ 1ರಿಂದ ನಮ್ಮ ಕಾನೂನು ಹಾಗೆ, ಹೆತ್ತವರಲ್ಲಿ ಒಬ್ಬರಾದರೂ ಭಾರತೀಯರಿರಬೇಕು. ಅಮೆರಿಕ ನಮ್ಮ ಕೂಸಿಗೆ ಕೊಟ್ಟದ್ದನ್ನು ನಾವು ಯಾರ ಕೂಸಿಗೂ ಕೊಡಲು ತಯಾರಿಲ್ಲ. ಆದರೆ ಅಮೆರಿಕ ಕೈ ಬಿಗಿ ಮಾಡಿದರೆ ಮಾತ್ರ ಅನ್ಯಾಯ ಎಂದು ಕೂಗುತ್ತೇವೆ.

ನೈಜೀರಿಯದವರು ದೂರದವರು, ನಮಗೇಕೆ ಎನ್ನುವಿರೋ? ಸರಿ, ನಮ್ಮ ಜಿಲ್ಲೆಗೇ ಬರೋಣ. ಆ ಅಜ್ಜಿ ಒಂದು ದಿನ ಕೇಳಿದರು: "ನಮ್ಮ ಆಫ್ರಿಕಾದ ಜನ ನಿಮ್ಮ ದೇಶದಲ್ಲಿ ಇದ್ದಾರೆಯೆ?" ಇದ್ದಾರೆ ಎಂದೆ. ನಮ್ಮ ಜಿಲ್ಲೆಯಲ್ಲೇ ಇದ್ದಾರೆ, ಹತ್ತಾರು ತಲೆಮಾರಿನಿಂದ ಇದ್ದಾರೆ ಎಂದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡಂಚಿನಲ್ಲಿರುವ ಸಿದ್ದಿಗಳ ಕಥೆ ಹೇಳಿದೆ. ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದದ್ದು, ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಹೊಕ್ಕದ್ದು. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸಲ್ಮಾನರಿದ್ದಾರೆ. ನಮ್ಮವರ ಅಡಿಕೆ ತೋಟಗಳಲ್ಲಿ ಅವರು ತಲೆತಲಾಂತರ ದುಡಿದರು, ಸಾಲಕ್ಕೆ ಜೀತ ಮಾಡಿದ ಕಾಲವೂ ಇತ್ತು. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಸ್ವಾತಂತ್ರ್ಯ ಬಂದು 55 ವರ್ಷವಾದ ಮೇಲೆ! ಅಜ್ಜಿ ಎಲ್ಲ ಕೇಳಿ, ಒಂದೇ ಪ್ರಶ್ನೆ ಕೇಳಿದರು: "ಅವರ ಮಕ್ಕಳನ್ನು ಈಗ ಎಲ್ಲಿಯವರು ಎನ್ನುತ್ತೀರಿ?"

ಆ ಪ್ರಶ್ನೆಯನ್ನು ನಾನು ನಿಮಗೇ ದಾಟಿಸುತ್ತಿದ್ದೇನೆ, ಪೇಟೆಯ ಅಕ್ಕ ತಂಗಿಯರೇ. ನಮ್ಮ ಸೀಮೆಯಲ್ಲಿ ಮನುಷ್ಯನನ್ನು ಗುರುತಿಸುವುದೇ ಊರಿನಿಂದ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆ ಮೊದಲು ಕೇಳುವುದು, "ಯಾವ ಊರಾತು ತಂಗಿ?" ಎಂದು. ನಿಲ್ಕುಂದ ಎಂದರೆ ಸಾಕು, ನಿಮ್ಮ ಭಾವನ ಮನೆ, ನಮ್ಮ ಚಿಕ್ಕಿಯ ಮನೆ ಎಂದು ಎಳೆ ಕೂಡಿಸಿಬಿಡುತ್ತೇವೆ. ಅದೇ ಬಸ್ಸಿನಲ್ಲಿ ಗುಂಗುರು ಕೂದಲಿನ ಹುಡುಗಿಯೊಬ್ಬಳು ಕೂತಿದ್ದರೆ, ಅವಳು ಯಲ್ಲಾಪುರ ಎಂದರೂ ಮಂಚಿಕೇರಿ ಎಂದರೂ ನಮಗೆ ಸಮಾಧಾನವಿಲ್ಲ. "ಅಲ್ಲ, ಮೂಲ ಯಾವುದು?" ಎನ್ನುತ್ತೇವೆ. ಬೆಂಗಳೂರಿನಲ್ಲಾದರೆ ಅಷ್ಟೂ ಇಲ್ಲ, ಸೀದಾ "ಯಾವ ದೇಶ?" ಅವಳು ಅಚ್ಚ ಕನ್ನಡದಲ್ಲಿ ಉತ್ತರ ಕೊಟ್ಟರೆ ಬೆರಗಾಗುತ್ತೇವೆ, ಚಪ್ಪಾಳೆ ತಟ್ಟುತ್ತೇವೆ. ಹ್ಯೂಸ್ಟನ್ನಿನಲ್ಲಿ ಹುಟ್ಟಿದ ನನ್ನ ಮೊಮ್ಮಗನಿಗೆ ಅಲ್ಲಿಯ ಒಬ್ಬ ಹೆಂಗಸು "ನಿನ್ನ ಇಂಗ್ಲಿಷ್ ಎಷ್ಟು ಚೆನ್ನಾಗಿದೆ!" ಎಂದಳಂತೆ. ಅವನು ಮನೆಗೆ ಬಂದು ಕೇಳಿದ, ನನ್ನ ಇಂಗ್ಲಿಷ್ ಯಾಕೆ ಚೆನ್ನಾಗಿರಬಾರದಿತ್ತು ಎಂದು. ಆ ಸಿದ್ದಿ ಹುಡುಗಿಯ ಮನೆಯಲ್ಲೂ ಸಂಜೆ ಇದೇ ಪ್ರಶ್ನೆ ಬರುತ್ತಿರಬೇಕು.

ನಿಜ ಹೇಳಬೇಕೆಂದರೆ ಕನ್ನಡವನ್ನು ಈಗ ಉಳಿಸುತ್ತಿರುವವರು ಯಾರು? ಸಿದ್ದಿಗಳ ಮನೆಮಾತು ಕೊಂಕಣಿಯ ಒಂದು ಬಗೆ, ಮರಾಠಿ ಕನ್ನಡ ಬೆರೆತದ್ದು. ನಮ್ಮ ಮಕ್ಕಳು ಬಿಟ್ಟುಹೋದ ಕನ್ನಡ ಶಾಲೆಗಳ ಬೆಂಚಿನ ಮೇಲೆ ಕೂತು ಕಾಗುಣಿತ ತಿದ್ದುತ್ತಿರುವವರಲ್ಲಿ ಅವರ ಮಕ್ಕಳಿದ್ದಾರೆ. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಮಂಚಿಕೇರಿಯ ಸಿದ್ದಿಗಳ ಜೊತೆ ನಾಟಕ ಮಾಡಿಸಿತು. ಚಿದಂಬರರಾವ್ ಜಂಬೆಯವರು ನಿರ್ದೇಶಿಸಿದ ಆ 'ಕಪ್ಪು ಜನ ಕೆಂಪು ನೆರಳು' ನಾಟಕಕ್ಕೆ ಆಧಾರ ನೈಜೀರಿಯದ ಚಿನುವ ಅಚೆಬೆ 1958ರಲ್ಲಿ ಬರೆದ ಕಾದಂಬರಿ. ಅಚೆಬೆಯೂ ಇಗ್ಬೊ ಜನದವನು, ನಮ್ಮ ಪಕ್ಕದ ಮನೆಯ ಅಜ್ಜಿಯ ಕಡೆಯವನು. ಇಗ್ಬೊ ಊರಿನ ಕಥೆಯನ್ನು ಸಿದ್ದಿಗಳು ಕನ್ನಡದಲ್ಲಿ ಆಡಿದರು ಎಂದು ಹೇಳಿದಾಗ ಆ ಅಜ್ಜಿ ನನ್ನ ಕೈಹಿಡಿದು ಕೂತದ್ದು ಬಹಳ ಹೊತ್ತು. ಸಿದ್ದಿ ಸಮುದಾಯದಿಂದ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದು 2020ರಲ್ಲಿ, ಆ ಸಮುದಾಯದಿಂದ ಅಲ್ಲಿಗೆ ಹೋದ ಮೊದಲಿಗರು. ಬಂದು ನಾನೂರು ವರ್ಷವಾದ ಮೇಲೆ. ಹದಿನೈದು ವರ್ಷದ ನಮ್ಮ ಮೊಮ್ಮಕ್ಕಳನ್ನು ಅಮೆರಿಕ ಇನ್ನೂ ಪೂರ್ತಿ ಒಪ್ಪಿಲ್ಲ ಎಂದು ಅಳುವವರು ಈ ಲೆಕ್ಕವನ್ನು ಸ್ವಲ್ಪ ಮಾಡಲಿ.

"ಹಾಗಾದರೆ ಭಾಷೆ ಬೇಡವೆ? ಸಂಸ್ಕೃತಿ ಬೇಡವೆ? ಎಲ್ಲ ಬಿಟ್ಟು ಅವರಂತೇ ಆಗಿಬಿಡುವುದೆ?" ಎಂದು ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ, ಉತ್ತರವನ್ನೂ ಹೇಳುತ್ತೇನೆ. ಹವ್ಯಕರನ್ನು ಅಹಿಚ್ಛತ್ರದಿಂದ ಕದಂಬರ ಮಯೂರವರ್ಮ ಕರೆಸಿದ ಎಂದು ನಮ್ಮ ಹಿರಿಯರು ಹೇಳುತ್ತ ಬಂದ ಐತಿಹ್ಯ. ಅವನ ಬನವಾಸಿ ಇರುವುದು ಶಿರಸಿ ತಾಲೂಕಿನಲ್ಲೇ. ಇತಿಹಾಸ ಎಷ್ಟು, ಕಥೆ ಎಷ್ಟು, ಪಂಡಿತರು ಹೇಳಲಿ. ಹೆಮ್ಮೆಯಿಂದ ಹೇಳಿಕೊಳ್ಳುವವರಂತೂ ನಾವೇ. ಹಾಗಿದ್ದರೆ ನಾವೂ ಬಂದವರೇ ಆದೆವು. ಅಹಿಚ್ಛತ್ರದ ಭಾಷೆ ಯಾವ ಹೆಗಡೆಗೆ, ಯಾವ ಭಟ್ಟರಿಗೆ ಬರುತ್ತದೆ? ಅಲ್ಲಿಯ ಅಡುಗೆ ಯಾರ ಮನೆಯಲ್ಲಿದೆ? ಇಲ್ಲಿಯ ಅಪ್ಪೆಮಿಡಿ, ಇಲ್ಲಿಯ ಹಲಸು, ಇಲ್ಲಿಯ ಕನ್ನಡ ಸೇರಿ ನಾವಾದೆವು. ಮೊದಲ ಮಳೆಗಾಲದಲ್ಲಿ ಇಲ್ಲಿಯ ಮಕ್ಕಳೊಡನೆ ಆಡಿಕೊಂಡು ಕನ್ನಡ ಕಲಿತು ಬಂದ ಮಗುವಿಗೆ ಅಹಿಚ್ಛತ್ರದ ಅಜ್ಜಿ ಬೈದಿದ್ದರೆ, ಆ ಬೈಗುಳ ಗೆದ್ದಿದ್ದರೆ, ನಾವು ಇವತ್ತು ಆಡುವ ಈ ಮಾತು ಹುಟ್ಟುತ್ತಲೇ ಇರಲಿಲ್ಲ.

ಸಿದ್ದಿ ಹೆಂಗಸರು ಹೊಲಿಯುವ ಕೌದಿಯನ್ನು ನೋಡಿದ್ದೀರಾ? ಹಳೆಯ ಸೀರೆ, ಲಂಗ, ಅಂಗಿಯ ತುಂಡುಗಳನ್ನು ಒಂದರ ಮೇಲೊಂದು ಕೂರಿಸಿ, ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಮಕ್ಕಳಿಗೆಂದು ಹೊಲಿಯುವ ಚಿಕ್ಕ ಕೌದಿಗಳೂ ಇವೆ. ಬಟ್ಟೆಯೆಲ್ಲ ಇಲ್ಲಿಯದೇ. ಆದರೆ ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ಮೂರುಮೂಲೆಯ 'ಫೂಲ' ಇಡಬೇಕು. ಫೂಲ ಇಲ್ಲದ ಕೌದಿ ಬೆತ್ತಲೆ ಎನ್ನುತ್ತಾರೆ ಅವರು. ಈ ಕೌದಿಗಳು ಅಮೆರಿಕದ ಪ್ರದರ್ಶನಗಳಿಗೂ ಹೋಗಿ ಬಂದಿವೆ. ಅವರಿಂದ ತಾಯ್ನುಡಿ ಹೋಯಿತು, ದೇವರುಗಳು ಬದಲಾದವು, ಊರಿನ ಹೆಸರೇ ಮರೆತುಹೋಯಿತು. ಆದರೂ ಡಮಾಮಿಯ ಪೆಟ್ಟು ಉಳಿಯಿತು, ಅಜ್ಜಿಯ ಕೈಯಿಂದ ಮೊಮ್ಮಗಳ ಕೈಗೆ ಈ ಹೊಲಿಗೆ ದಾಟಿತು. ಅದನ್ನು ಯಾರೂ ಅಂಗಳದಲ್ಲಿ ನಿಲ್ಲಿಸಿ ಪರೀಕ್ಷೆ ಮಾಡಿ ಉಳಿಸಿದ್ದಲ್ಲ. ಪಕ್ಕದಲ್ಲಿ ಕೂತು ಸೂಜಿ ಪೋಣಿಸಿಕೊಟ್ಟ ಮಗು ಕಲಿತದ್ದು.

ಭಾಷೆಯೂ ಹಾಗೆಯೇ. ಅಮೆರಿಕದ ಎಷ್ಟೋ ಊರುಗಳಲ್ಲಿ ಕನ್ನಡ ಕೂಟಗಳು ವಾರಾಂತ್ಯಕ್ಕೆ ಕನ್ನಡ ಶಾಲೆ ನಡೆಸುತ್ತವೆ. ವಾರವಿಡೀ ದುಡಿದ ಹೆಣ್ಣುಮಕ್ಕಳು ಭಾನುವಾರದ ನಿದ್ದೆ ಬಿಟ್ಟು ಪುಕ್ಕಟೆ ಅಕ್ಷರ ಕಲಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ಅವರಿಗೆ ನಮ್ಮ ತೀರ್ಪಿನ ಅಗತ್ಯವಿಲ್ಲ. ಅಗತ್ಯವಿರುವುದು ವಾರಕ್ಕೆ ಎರಡು ಸಲ ಫೋನಿನಲ್ಲಿ ಮಗುವಿನ ಜೊತೆ ಅರ್ಧ ಗಂಟೆ ಕನ್ನಡದಲ್ಲಿ ಜಗಳವಾಡುವ ಅಜ್ಜಿ. ತೆಳ್ಳೇವಿನ ಹಿಟ್ಟು ಎಷ್ಟು ನೀರಾಗಬೇಕು ಎಂದು ಮೊಮ್ಮಗನಿಗೇ ಹೇಳಿಕೊಟ್ಟು ಅವನ ಕೈಯಲ್ಲೇ ಎರೆಸುವ ಅಜ್ಜಿ. ಕನ್ನಡ ಬಾರದಿದ್ದರೂ "ನಮ್ಮ ಮಾಣಿ" ಎನ್ನುವುದರಲ್ಲಿ ಒಂದಕ್ಷರ ಕಡಿಮೆ ಮಾಡದ ಅಜ್ಜಿ. ತಾನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದ ಮಕ್ಕಳ ಜೊತೆಗೂ ಕನ್ನಡದ ಪುಸ್ತಕ ಓದುವ ಪೇಟೆಯ ಅತ್ತೆ. ಮತ್ತು ಮನೆಯಲ್ಲಿ ಬಾಯಿಬಿಟ್ಟು ಕನ್ನಡ ಮಾತಾಡುವ ಅಪ್ಪ. ಅವನಿಗೂ ಒಂದು ನಾಲಿಗೆ ಇದೆ, ಅದು ಕಂಪನಿಗೆ ಮಾತ್ರ ಬರೆದುಕೊಟ್ಟದ್ದಲ್ಲ.

ಇಷ್ಟು ಮಾಡಿದರೂ ಮಗುವಿಗೆ ಹ್ಯೂಸ್ಟನ್ನೇ ಊರಾದರೆ? ಆಗಲಿ. ಆಗಲೇಬೇಕು. ಬಿದ್ದು ಮೊಣಕಾಲು ತರಚಿಕೊಂಡ ನೆಲ, ಗೆಳೆಯರಿರುವ ಬೀದಿ ಅದರ ಊರು. ನಿಲ್ಕುಂದ ಅದರ ಅಜ್ಜಿಯ ಊರು. ಒಂದು ಮಗುವಿಗೆ ಎರಡು ಊರು ಇರಬಾರದು ಎಂದು ಯಾವ ಶಾಸ್ತ್ರ ಹೇಳಿದೆ? ತವರು, ಗಂಡನ ಮನೆ ಎಂದು ಎರಡು ಊರಿನ ನಡುವೆ ಜೀವಮಾನ ಕಳೆಯುವ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕೆ? ನಾವು ಯಾವ ಊರಿನವರು ಎಂದು ಯಾರಾದರೂ ಹಠ ಹಿಡಿದರೆ ನಮಗೆ ಎಷ್ಟು ಸಿಟ್ಟು ಬರುತ್ತದೆ! ತವರಿನಲ್ಲಿ "ಹೊರಗಿನವಳು", ಗಂಡನ ಮನೆಯಲ್ಲಿ "ಹೊರಗಿನಿಂದ ಬಂದವಳು" ಎನಿಸಿಕೊಂಡವರು ನಾವು. ಆ ನೋವು ಗೊತ್ತಿದ್ದೂ ಅದನ್ನೇ ಮಕ್ಕಳ ತಲೆಗೆ ಕಟ್ಟುವುದೆ?

ಹಾಗಾಗಿ ಮುಂದಿನ ಮದುವೆಮನೆಯಲ್ಲಿ ಆ ನ್ಯಾಯ ಶುರುವಾದಾಗ ಸುಮ್ಮನೆ ಕೂರಬೇಡಿ. "ನಿಮ್ಮ ಮನೆ ಮಾಣಿಗೆ ಅರವತ್ತೇಳು ಬತ್ತನ?" ಎಂದು ಕೇಳಿ. ಬಸ್ಸಿನಲ್ಲಿ ಆ ಗುಂಗುರು ಕೂದಲಿನ ಹುಡುಗಿಗೆ ಯಾರಾದರೂ "ಮೂಲ ಯಾವುದು?" ಎಂದರೆ, ಕಾನ್ಸಾಸಿನಲ್ಲಿ ಅಡ್ಡ ಬಂದವನ ಹಾಗೆ ಗುಂಡು ತಿನ್ನಬೇಕಾಗಿಲ್ಲ, "ಅವಳು ಯಲ್ಲಾಪುರದವಳು, ಹೇಳಿದಳಲ್ಲ" ಎಂಬ ಒಂದು ಮಾತಿನಿಂದ ಅಡ್ಡ ಬಂದರೆ ಸಾಕು. ಮಗನ ಉಪನಯನಕ್ಕೆ, ಮಗಳ ಹುಟ್ಟುಹಬ್ಬಕ್ಕೆ ಅವಳ ಜೊತೆ ಓದುವ ಸಿದ್ದಿ ಮಕ್ಕಳನ್ನೂ ಕರೆಯಿರಿ. ಕರೆದ ಮೇಲೆ ಜಗುಲಿಯಲ್ಲಿ ಕೂರಿಸಬೇಡಿ, ಒಳಗೆ ಕರೆದು ಅದೇ ಪಂಕ್ತಿಯಲ್ಲಿ ಎಲೆ ಹಾಕಿ. ನಮ್ಮ ಮೊಮ್ಮಕ್ಕಳನ್ನು ಅಲ್ಲಿಯವರು ಒಳಗೆ ಕರೆಯಲಿ ಎಂದು ಹರಕೆ ಹೊರುವ ಮುಂಚೆ ಇದೊಂದನ್ನು ಮಾಡಿ. ಇದಕ್ಕೆ ವೀಸಾ ಬೇಡ.